ಐರಿಷ್ ಕಾದಂಬರಿ: ಓದು ಮತ್ತು ವಿಮರ್ಶೆ

ಐರ್ಲೆಂಡಿಗೂ ಕನ್ನಡಕ್ಕೂ ಏನು ನಂಟು ಎಂದು ಕೇಳುವವರುಂಟು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದರು. ಆ ಮಾತಿನ ಫಲವನ್ನು ನಾವೆಲ್ಲ ಉಂಡಿದ್ದೇವೆ. ಆ ಋಣವನ್ನು ನೆನೆದು, ನಿವೃತ್ತನಾಗಿ ಸತ್ತೇಗಾಲದಲ್ಲಿ ನೆಲಸಿದ ಮೇಲೆ, ನಾನು ಇಂದಿನ ಐರಿಷ್ ಕಾದಂಬರಿಗಳನ್ನು ಓದತೊಡಗಿದೆ.

ಇವುಗಳಲ್ಲಿ ಮೊದಲು ಎದುರಾಗುವ ತೊಡಕು ಮೌನದ್ದು. 2018ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಆನಾ ಬರ್ನ್ಸ್ ಅವರ ‘ಮಿಲ್ಕ್‌ಮನ್’ನಲ್ಲಿ ಊರಿಗೆ ಹೆಸರಿಲ್ಲ, ಕಥೆ ಹೇಳುವ ಹುಡುಗಿಗೂ ಇಲ್ಲ. ಹೆಸರಿನಿಂದಲೇ ಮನುಷ್ಯ ಯಾವ ಕಡೆಯವನೆಂದು ಅಳೆಯುವ ಊರದು.

ಕ್ಲೇರ್ ಕೀಗನ್ ಅವರ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ (2021) ಇನ್ನೂ ಮಿತಭಾಷಿ. 1985ರ ಕ್ರಿಸ್‌ಮಸ್ ಸಮಯ. ನ್ಯೂ ರಾಸ್ ಪಟ್ಟಣದ ಕಲ್ಲಿದ್ದಲ ವ್ಯಾಪಾರಿ ಬಿಲ್ ಫರ್ಲಾಂಗ್, ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಇದ್ದಲು ಒಯ್ದಾಗ, ಇದ್ದಲ ಕೊಠಡಿಯಲ್ಲಿ ಕೂಡಿಹಾಕಿದ್ದ ಹುಡುಗಿಯೊಬ್ಬಳನ್ನು ಕಾಣುತ್ತಾನೆ. ಕೊನೆಗೊಂದು ದಿನ ಅವಳನ್ನು ಕರೆದುಕೊಂಡು ತನ್ನ ಮನೆಯತ್ತ ನಡೆಯುತ್ತಾನೆ. ಕಥೆ ಅಷ್ಟೇ.

ಇದನ್ನು ಕುರಿತ ನನ್ನ ಮೊದಲ ವಿಮರ್ಶೆಯಲ್ಲಿ, ‘ಕಾದಂಬರಿ ಆರಂಭವಾಗಬೇಕಾದಲ್ಲಿ ಮುಗಿದಿದೆ’ ಎಂದು ತೀರ್ಪಿತ್ತಿದ್ದೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ಓದಿ, “ಮೇಷ್ಟ್ರೇ, ಊರಿನವರಿಗೆಲ್ಲ ಗೊತ್ತಿತ್ತಲ್ಲವೇ? ನೀವು ಅದನ್ನು ಬರೆಯಲೇ ಇಲ್ಲವಲ್ಲ” ಎಂದಳು. ನನಗೆ ಉತ್ತರ ತೋಚಲಿಲ್ಲ.

ಮತ್ತೆ ಓದಿದೆ. ಹೆಂಗಸರನ್ನು ಕೂಡಿಹಾಕಿ ಸಂಬಳವಿಲ್ಲದೆ ಬಟ್ಟೆ ಒಗೆಸುತ್ತಿದ್ದ ‘ಮ್ಯಾಗ್ಡಲಿನ್ ಲಾಂಡ್ರಿ’ಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ, ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಕ್ಷಮೆ ಕೋರಿದ್ದು 2013ರಲ್ಲಿ. ಕೀಗನ್ ಕಥೆಯೊಳಗೆ ಈ ಚರಿತ್ರೆಯನ್ನು ವಿವರಿಸುವುದಿಲ್ಲ. ಹೆಂಡತಿಯ ಎಚ್ಚರಿಕೆಯಲ್ಲಿ, ಹೋಟೆಲಿನಾಕೆಯ ಕಿವಿಮಾತಿನಲ್ಲಿ ಅಡಗಿಸಿಡುತ್ತಾರೆ. ಫರ್ಲಾಂಗನ ತಾಯಿಯೂ ಮದುವೆಯಾಗದೆ ಹೆತ್ತವಳು; ಮನೆಯೊಡತಿಯ ಔದಾರ್ಯದಿಂದ ಬೀದಿಪಾಲಾಗದೆ ಉಳಿದವಳು. ಇಷ್ಟನ್ನು ಗ್ರಹಿಸಿದವನಿಗೆ, ಅವನ ಆ ಕೊನೆಯ ನಡಿಗೆ ಇಡೀ ಊರಿಗೆ ಕೊಟ್ಟ ಉತ್ತರವಾಗಿ ಕಾಣುತ್ತದೆ.

ಆದುದರಿಂದ ವಿಮರ್ಶಕನು ಕಥೆಯ ಗಾತ್ರವನ್ನು ಅಳೆಯುವ ಮೊದಲು, ಅಲ್ಲಿಯ ಜನ ಏನನ್ನು ಬಲ್ಲರು, ಏನನ್ನು ಬಾಯಿಬಿಡರು ಎಂದು ಕೇಳಿಕೊಳ್ಳಬೇಕು. ‘ನಮಗೇಕೆ ಊರ ಉಸಾಬರಿ’ ಎಂಬ ಮಾತು ಕಾವೇರಿಯ ದಡದ ನನ್ನೂರಿಗೂ ಹೊಸದಲ್ಲ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984)ಯಲ್ಲಿ ಚೆನ್ನನ ಕೊಲೆ ಮುಚ್ಚಿಹೋದ ಬಗೆಯನ್ನು ಬಲ್ಲ ಕನ್ನಡ ಓದುಗನಿಗೆ ನ್ಯೂ ರಾಸ್ ದೂರದ ಊರಲ್ಲ.

ನನ್ನ ವಿಮರ್ಶೆಯನ್ನು ಹೊಸದಾಗಿ ಬರೆದಿದ್ದೇನೆ. ಅದು ಆ ವಿದ್ಯಾರ್ಥಿನಿಯ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.