ನಗರದಲ್ಲೊಂದು ಮನೆ: ಕೈಗೆಟಕುವ ಬೆಲೆ, ಬಾಳಲು ತಕ್ಕ ನೆರೆಕರೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ್ದು ಮನೆಯನ್ನು ಕಟ್ಟಿಯೇ ಪಡೆಯಬೇಕಾಗಿದ್ದ ಕಾಲದಲ್ಲಿ. ಇಂದು ಮಂಗಳೂರಿನಂಥ ನಗರದಲ್ಲಿ ಕಟ್ಟಿದ ಮನೆಯನ್ನು ಕೊಳ್ಳುವುದೇ ಅನೇಕ ಕುಟುಂಬಗಳಿಗೆ ಉಳಿದಿರುವ ದಾರಿ. ಕಟ್ಟುವವನು ಕಲ್ಲು, ಮರಳು, ಮರಗಳನ್ನು ತಾನೇ ನಿಂತು ಪರೀಕ್ಷಿಸುತ್ತಿದ್ದನು. ಕೊಳ್ಳುವವನಾದರೋ ಬಣ್ಣದ ಚಿತ್ರಪಟವನ್ನೂ ಮಾದರಿ ಕೋಣೆಯನ್ನೂ ನೋಡಿ ಮುಂಗಡ ಕೊಟ್ಟು ಬರುತ್ತಾನೆ. ಗಲ್ಫ್ ರಾಷ್ಟ್ರಗಳಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿದ ಹಣ, ಹಳ್ಳಿಯ ಗದ್ದೆ ತೋಟ ಮಾರಿ ಬಂದ ಹಣ, ನಿವೃತ್ತಿಯ ದಿನ ಕೈಗೆ ಬಂದ ಭವಿಷ್ಯನಿಧಿ, ಇವೆಲ್ಲವೂ ಸೇರಿ ಒಂದೇ ಬಾಗಿಲಿನ ಕೀಲಿಕೈಯಾಗಿ ಪರಿವರ್ತನೆಗೊಳ್ಳುವ ಈ ನಿರ್ಧಾರವನ್ನು ಜೀವಮಾನದಲ್ಲಿ ಎರಡನೆಯ ಬಾರಿ ಮಾಡುವ ಶಕ್ತಿ ಹೆಚ್ಚಿನವರಿಗಿಲ್ಲ.

ಆದ್ದರಿಂದ ‘ಯಾವ ಮನೆ?’ ಎಂಬ ಪ್ರಶ್ನೆಗಿಂತ ಮೊದಲು ‘ಯಾವ ನೆರೆಕರೆ?’ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿವೇಕ. ಮನೆಯ ಒಳಗಿನ ಕೊರತೆಯನ್ನು ಮುಂದೆ ಸರಿಪಡಿಸಬಹುದು; ನೆಲ, ನೀರು, ದಾರಿ, ನೆರೆಯವರನ್ನು ಬದಲಾಯಿಸಲಾಗದು.

ಜಾಹೀರಾತಿನ ಬೆಲೆ, ನಿಜವಾದ ಬೆಲೆ

ಕೈಗೆಟಕುವ ಬೆಲೆ ಎಂದರೆ ಮಾರಾಟಗಾರನು ಹೇಳುವ ಮೊತ್ತವಲ್ಲ. ಮುಂದಿನ ಇಪ್ಪತ್ತು ವರ್ಷ ಕುಟುಂಬವು ಪ್ರತಿ ತಿಂಗಳು ಹೊರಬೇಕಾದ ಭಾರ. ಒಂದು ಉದಾಹರಣೆಯನ್ನು ನೋಡೋಣ. 60 ಲಕ್ಷ ರೂಪಾಯಿಯ ಫ್ಲ್ಯಾಟಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ದೊರೆಯಬಹುದಾದ ಗರಿಷ್ಠ ಸಾಲ ಬೆಲೆಯ ಶೇ. 80, ಅಂದರೆ 48 ಲಕ್ಷ. ಉಳಿದ 12 ಲಕ್ಷ ನಮ್ಮ ಕೈಯದು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಸುಮಾರು ಶೇ. 7.6, ಅಂದರೆ 4 ಲಕ್ಷ 56 ಸಾವಿರ ರೂಪಾಯಿ. ಇದಕ್ಕೂ ಬ್ಯಾಂಕ್ ಸಾಲ ದೊರೆಯದು. ಕಟ್ಟಡ ಇನ್ನೂ ನಿರ್ಮಾಣದ ಹಂತದಲ್ಲಿದ್ದರೆ ಶೇ. 5 ಜಿ.ಎಸ್.ಟಿ. ಪ್ರತ್ಯೇಕ, ಪೂರ್ಣಗೊಂಡು ಪ್ರಮಾಣಪತ್ರ ಪಡೆದ ಮೇಲೆ ಮಾರಾಟವಾಗುವ ಮನೆಗೆ ಆ ತೆರಿಗೆಯಿಲ್ಲ.

ಬಡ್ಡಿ ಶೇ. 8.5 ಎಂದಿಟ್ಟುಕೊಂಡರೆ 48 ಲಕ್ಷದ ಸಾಲಕ್ಕೆ 20 ವರ್ಷಗಳ ತಿಂಗಳ ಕಂತು ಸುಮಾರು 41,650 ರೂಪಾಯಿ. ಅವಧಿ ಮುಗಿಯುವಾಗ ಕಟ್ಟಿದ ಒಟ್ಟು ಮೊತ್ತ ಹತ್ತಿರ ಹತ್ತಿರ 1 ಕೋಟಿ. ಅದೇ ಕುಟುಂಬ ನಗರದ ನಡುವಿನಿಂದ ಸ್ವಲ್ಪ ಹೊರಗೆ ಸರಿದು 45 ಲಕ್ಷದ ಮನೆಯನ್ನು ಇದೇ ಪ್ರಮಾಣದ ಸಾಲದಿಂದ ಕೊಂಡರೆ ಕಂತು 31,240ರ ಆಸುಪಾಸಿಗೆ ಇಳಿಯುತ್ತದೆ. 45 ಲಕ್ಷದವರೆಗಿನ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕವೂ ಶೇ. 3 ಮಾತ್ರ. ತಿಂಗಳಿಗೆ ಉಳಿಯುವ ಹತ್ತು ಸಾವಿರ ರೂಪಾಯಿ ಒಂದು ಮಗುವಿನ ಶಿಕ್ಷಣಕ್ಕೆ ಅಥವಾ ಹಿರಿಯರ ಔಷಧಿಗೆ ಒದಗಬಲ್ಲದು. ಆದರೆ ಅದೇ ಹಣ ಎರಡನೆಯ ವಾಹನದ ಪೆಟ್ರೋಲಿಗೂ ಬೇಸಿಗೆಯ ಟ್ಯಾಂಕರ್ ನೀರಿಗೂ ವೆಚ್ಚವಾದರೆ ಹೊರಗೆ ಸರಿದ ಲಾಭವೇನು? ಪ್ರದೇಶದ ಆಯ್ಕೆಯ ಗುಟ್ಟು ಇರುವುದು ಈ ಲೆಕ್ಕದಲ್ಲಿ.

ಬೈಲು ಮತ್ತು ಪದವು

ನೇತ್ರಾವತಿ ಮತ್ತು ಗುರುಪುರ ನದಿಗಳ ನಡುವೆ ಮುರಕಲ್ಲಿನ ಗುಡ್ಡಗಳ ಮೇಲೂ ಅವುಗಳ ನಡುವಣ ತಗ್ಗುಗಳಲ್ಲೂ ಬೆಳೆದ ಊರು ಮಂಗಳೂರು. ನಮ್ಮ ಹಿರಿಯರು ಇಟ್ಟ ಸ್ಥಳನಾಮಗಳೇ ನೆಲದ ಗುಣವನ್ನು ಸಾರುತ್ತವೆ. ‘ಬೈಲು’ ಎಂದರೆ ಗುಡ್ಡಗಳ ನಡುವಣ ಗದ್ದೆಯ ತಗ್ಗು. ‘ಪದವು’ ಎಂದರೆ ಎತ್ತರದ ಮುರಕಲ್ಲಿನ ಹರವು. ಕೊಡಿಯಾಲ್‌ಬೈಲು, ಪದವಿನಂಗಡಿ ಎಂಬ ಹೆಸರುಗಳನ್ನು ದಿನವೂ ಉಚ್ಚರಿಸುವ ನಾವು ಅವುಗಳ ಅರ್ಥವನ್ನು ಮರೆತು ನಿವೇಶನ ಕೊಳ್ಳುತ್ತೇವೆ.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ಗದ್ದೆಯನ್ನು ಮಣ್ಣು ತುಂಬಿ ಎತ್ತರಿಸಿದರೂ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. 2018ರ ಮೇ 29ರಂದು ಸುರಿದ ಮಳೆಗೆ ಕೊಟ್ಟಾರ ಚೌಕಿ ಸೇರಿದಂತೆ ನಗರದ ತಗ್ಗು ಪ್ರದೇಶಗಳು ಜಲಾವೃತಗೊಂಡುದು ಓದುಗರ ನೆನಪಿನಲ್ಲಿರಬಹುದು. ಮನೆಯ ಪಕ್ಕದ ತೋಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಅದರ ಅಗಲ ಹಿಂದೆ ಎಷ್ಟಿತ್ತು ಎಂದು ಆ ಭಾಗದ ಹಿರಿಯರಲ್ಲಿ ಕೇಳಬೇಕು.

ಪದವಿನ ಸಮಸ್ಯೆ ಬೇರೆ. ಅಲ್ಲಿ ನೆರೆಯ ಭಯವಿಲ್ಲ, ಗಾಳಿ ಬೆಳಕು ಧಾರಾಳ. ಆದರೆ ಬಾವಿಗಳು ಆಳ, ಏಪ್ರಿಲ್ ತಿಂಗಳಿಗೆ ಬತ್ತುವ ಸಂಭವವೂ ಹೆಚ್ಚು. ನಗರದ ಕುಡಿಯುವ ನೀರಿನ ಮುಖ್ಯ ಮೂಲ ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ತುಂಬೆಯ ಕಿಂಡಿ ಅಣೆಕಟ್ಟು. ಅಲ್ಲಿ ನೀರು ಇಳಿದಾಗ, 2019 ಮತ್ತು 2023ರ ಬೇಸಿಗೆಯಲ್ಲಿ ನಡೆದಂತೆ, ಸರದಿಯ ಮೇಲೆ ನೀರು ಬಿಡಬೇಕಾಗುತ್ತದೆ. ಅಂಥ ದಿನಗಳಲ್ಲಿ ಎತ್ತರದ ಮನೆಗಳಿಗೂ ಕೊಳವೆಯ ತುದಿಯ ಮನೆಗಳಿಗೂ ನೀರು ತಲುಪುವುದು ಕೊನೆಯಲ್ಲಿ. ಕೊಳ್ಳುವ ಮನೆಗೆ ಬಾವಿಯಿದೆಯೇ, ಮಳೆನೀರು ಇಂಗಿಸುವ ವ್ಯವಸ್ಥೆಯಿದೆಯೇ ಎಂಬುದು ಅಡುಗೆಮನೆಯ ಗ್ರಾನೈಟಿಗಿಂತ ಮುಖ್ಯ. ಒಳಚರಂಡಿ ಇಲ್ಲದ ಕಡೆ ಪಕ್ಕದ ಮನೆಯ ಇಂಗುಗುಂಡಿ ನಮ್ಮ ಬಾವಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದನ್ನೂ ಗಮನಿಸಬೇಕು.

ಗುಡ್ಡವನ್ನು ನೆಟ್ಟಗೆ ಕಡಿದು ಸಮತಟ್ಟು ಮಾಡಿದ ನಿವೇಶನ ಬೇಸಿಗೆಯಲ್ಲಿ ಬಲು ಚಂದ. ತಡೆಗೋಡೆಯಿಲ್ಲದಿದ್ದರೆ ಮಳೆಗಾಲದಲ್ಲಿ ಮಣ್ಣು ಜರಿಯುತ್ತದೆ. ಸುತ್ತಮುತ್ತ ಏನಿದೆ ಎಂಬುದೂ ಮುಖ್ಯ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ತ್ಯಾಜ್ಯದ ರಾಶಿ ಕುಸಿದು ಕೆಳಗಿನ ಮಂದಾರ ಪ್ರದೇಶದ ತೋಟಗಳನ್ನು ಮುಚ್ಚಿತು. ತಲೆಮಾರುಗಳಿಂದ ಅಲ್ಲಿ ಬಾಳಿದವರು ಮನೆ ತೊರೆಯಬೇಕಾಯಿತು. ಅಗ್ಗದ ನಿವೇಶನ ಕಂಡಾಗ ಅದು ಅಗ್ಗವಾದುದಕ್ಕೆ ಕಾರಣವನ್ನೂ ಕಂಡುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಯಾವ ದಿಕ್ಕಿಗೆ ನೋಡಬೇಕು?

ಬೆಂದೂರು, ಕದ್ರಿ, ಬಿಜೈ, ಕಂಕನಾಡಿಗಳ ಮೇಲೆ ನಮ್ಮವರಿಗೆ ಹಿಂದಿನಿಂದಲೂ ಮೋಹ. ಇಗರ್ಜಿ, ಶಾಲೆ, ಕಾಲೇಜು, ಆಸ್ಪತ್ರೆ ಎಲ್ಲವೂ ನಡೆದು ಹೋಗುವ ದೂರದಲ್ಲಿರುವ ಆ ಭಾಗಗಳಲ್ಲಿ ಹೊಸ ಮನೆಯ ಬೆಲೆ ಸಂಬಳದ ಮೇಲೆ ಬದುಕುವ ಕುಟುಂಬದ ಕೈಮೀರಿದೆ. ಆದರೂ ಅಲ್ಲಿಯೇ ಇರಬೇಕೆನ್ನುವವರಿಗೆ ಒಂದು ದಾರಿಯಿದೆ: ಇಪ್ಪತ್ತು ಇಪ್ಪತ್ತೈದು ವರ್ಷ ಹಳೆಯ ಕಟ್ಟಡದಲ್ಲಿನ ಫ್ಲ್ಯಾಟು. ಕೋಣೆಗಳು ವಿಶಾಲ, ಬೆಲೆ ಕಡಿಮೆ. ಲಿಫ್ಟ್, ತಾರಸಿ, ನೀರಿನ ಕೊಳವೆಗಳ ಸ್ಥಿತಿಯನ್ನೂ ನಿವಾಸಿಗಳ ಸಂಘದ ದುರಸ್ತಿ ನಿಧಿಯನ್ನೂ ನೋಡಿಕೊಂಡರೆ ನಷ್ಟವಿಲ್ಲ.

ಹೊರಗೆ ಸರಿಯಲು ಸಿದ್ಧರಿರುವವರಿಗೆ ಪೂರ್ವದಲ್ಲಿ ಕುಲಶೇಖರ, ಶಕ್ತಿನಗರ, ವಾಮಂಜೂರು. ಉತ್ತರದಲ್ಲಿ ಪದವಿನಂಗಡಿ, ಬೋಂದೆಲ್, ಕಾವೂರು. ರೈಲು ಜಂಕ್ಷನ್ನಿನ ಸಮೀಪ ಪಡೀಲ್. ನೇತ್ರಾವತಿಯ ಆಚೆ ತೊಕ್ಕೊಟ್ಟು, ಪೆರ್ಮನ್ನೂರು ಇವೆ. ಬಂದರು ಮತ್ತು ಕೈಗಾರಿಕೆಗಳಲ್ಲಿ ಉದ್ಯೋಗವಿರುವವರಿಗೆ ಕುಳಾಯಿ, ಸುರತ್ಕಲ್ ಅನುಕೂಲ. 2022ರ ಡಿಸೆಂಬರ್ 1ರಂದು ಸುರತ್ಕಲ್‌ನ ಟೋಲ್ ಸಂಗ್ರಹ ನಿಂತದ್ದರಿಂದ ಆ ಕಡೆಯ ಸಂಚಾರದ ವೆಚ್ಚವೂ ತಗ್ಗಿತು. ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಿಗೂ ತಂತ್ರಜ್ಞರಿಗೂ ವೈದ್ಯಕೀಯ ಕಾಲೇಜುಗಳಿರುವ ದೇರಳಕಟ್ಟೆಯ ಕಡೆ ನೋಡುವುದು ಸಹಜ. ಇವುಗಳಲ್ಲಿ ಹಲವೆಡೆ ನಮ್ಮ ಹಳೆಯ ಧರ್ಮಕೇಂದ್ರಗಳೂ ಶಾಲೆಗಳೂ ಇರುವುದರಿಂದ ಹೊಸದಾಗಿ ಬಂದ ಕುಟುಂಬ ಒಂಟಿಯಾಗುವ ಭಯವಿಲ್ಲ.

ದೂರವನ್ನು ಅಳೆಯುವುದು ಕಿಲೋಮೀಟರಿನಲ್ಲಲ್ಲ, ಬಸ್ಸಿನಲ್ಲಿ. ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ರಾತ್ರಿಯ ಕೊನೆಯ ಬಸ್ಸು ಎಷ್ಟು ಗಂಟೆಗೆ, ಇಳಿದ ಮೇಲೆ ಮನೆಯವರೆಗಿನ ದಾರಿಗೆ ಬೆಳಕಿದೆಯೇ ಎಂಬುದನ್ನು ಮನೆಯ ಹೆಣ್ಣುಮಕ್ಕಳೇ ಹೋಗಿ ನೋಡಲಿ. 2023ರ ಜೂನ್‌ನಲ್ಲಿ ಆರಂಭಗೊಂಡ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ನಗರದಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ನಾಲ್ವರ ಕುಟುಂಬದ ತಿಂಗಳ ಬಸ್ ಖರ್ಚನ್ನು ಕಂತಿನ ಜೊತೆಗೆ ಬರೆದಿಟ್ಟುಕೊಳ್ಳಬೇಕು.

ಪತ್ರಗಳ ವಿಚಾರ

ಹಳೆಯ ಮಂಗಳೂರಿನ ಅನೇಕ ಜಾಗಗಳು ಮೂಲಗೇಣಿಯವು. ಮನೆ ಒಬ್ಬರದು, ನೆಲದ ಮೂಲಿ ಹಕ್ಕು ಇನ್ನೊಬ್ಬರದು. ಇಂಥ ಗೇಣಿದಾರರಿಗೆ ಒಡೆತನ ದೊರಕಿಸಲು 2011ರ ಕಾಯಿದೆ ರೂಪುಗೊಂಡಿತಾದರೂ, ಕೊಳ್ಳುವವರು ನೆಲದ ಹಕ್ಕು ಯಾವ ಬಗೆಯದೆಂದು ಮೊದಲೇ ತಿಳಿಯಬೇಕು. ನಗರದ ಅಂಚಿನಲ್ಲಿ ನಿವೇಶನ ಕೊಳ್ಳುವವರು ಭೂ ಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ವಿನ್ಯಾಸ ಅನುಮೋದನೆ, ಇ-ಖಾತೆ ಅಥವಾ ಪಂಚಾಯತಿನ 9/11 ನಮೂನೆ ಇವುಗಳನ್ನು ನೋಡದೆ ಮುಂಗಡ ಕೊಡಬಾರದು. ಋಣಭಾರ ಪತ್ರವನ್ನು ಮೂವತ್ತು ವರ್ಷ ಹಿಂದಿನಿಂದ ತೆಗೆಸುವುದು ಲೇಸು.

ಕ್ರೈಸ್ತ ಕುಟುಂಬದ ಹಳೆಯ ಮನೆಯನ್ನು ಕೊಳ್ಳುವಾಗ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ನೆನಪಿರಲಿ. ಮರಣಶಾಸನ ಬರೆಯದೆ ತಂದೆ ತೀರಿಕೊಂಡರೆ ಆಸ್ತಿಯ ಮೂರನೆಯ ಒಂದು ಭಾಗ ತಾಯಿಗೆ. ಉಳಿದುದರಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕತಂಗಿಯರ, ಹೊರದೇಶದಲ್ಲಿರುವ ಅಣ್ಣತಮ್ಮಂದಿರ ಸಹಿಯಿಲ್ಲದ ಕ್ರಯಪತ್ರ ನಾಳೆ ವ್ಯಾಜ್ಯವಾಗಬಹುದು. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ ಮೂಲದಲ್ಲೇ ತೆರಿಗೆ ಕಡಿತದ ಹೊಣೆ ಕೊಳ್ಳುವವರದು, ಮತ್ತು ಅದರ ದರ ಇಲ್ಲಿಯ ನಿವಾಸಿಯಿಂದ 50 ಲಕ್ಷ ಅಥವಾ ಅದಕ್ಕೂ ಮಿಕ್ಕಿದ ಮನೆ ಕೊಳ್ಳುವಾಗಿನ ಶೇ. 1ಕ್ಕಿಂತ ಬಹಳ ಹೆಚ್ಚು. ಕೊಳ್ಳುವವರೇ ಅನಿವಾಸಿಗಳಾದರೆ ಮನೆ, ಫ್ಲ್ಯಾಟು ಕೊಳ್ಳಲು ಅಡ್ಡಿಯಿಲ್ಲ. ಕೃಷಿಭೂಮಿ ಮತ್ತು ತೋಟ ಕೊಳ್ಳಲು ಸಾಮಾನ್ಯ ಅನುಮತಿಯಿಲ್ಲ.

ಹೊಸ ಕಟ್ಟಡವಾದರೆ ರೇರಾ ಎಂದು ಹೆಸರಾದ 2016ರ ಕಾಯಿದೆ ನಮ್ಮ ರಕ್ಷಣೆಗಿದೆ. 500 ಚದರ ಮೀಟರಿಗಿಂತ ಹೆಚ್ಚಿನ ನೆಲದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆ ನೋಂದಣಿಯಾಗಿರಬೇಕು. ನೋಂದಾಯಿತ ಕರಾರುಪತ್ರಕ್ಕೆ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು. ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಣುವ ಕಟ್ಟಡದ ದೋಷವನ್ನು ನಿರ್ಮಾಪಕನೇ ಉಚಿತವಾಗಿ ಸರಿಪಡಿಸಬೇಕು. ಅಳತೆಯಲ್ಲಿ ‘ಸೂಪರ್ ಬಿಲ್ಟಪ್’ ಎಂಬ ದೊಡ್ಡ ಸಂಖ್ಯೆಗೆ ಮರುಳಾಗದೆ ಒಳಗೋಡೆಗಳ ನಡುವೆ ಕಾಲಿಡಲು ಸಿಗುವ ಕಾರ್ಪೆಟ್ ವಿಸ್ತೀರ್ಣವನ್ನೇ ಕೇಳಿರಿ.

ಒಂದು ಮಳೆಗಾಲ, ಒಂದು ಬೇಸಿಗೆ

ಇಷ್ಟೆಲ್ಲ ವಿಚಾರಿಸಿದ ಮೇಲೂ ಉಳಿಯುವ ಒಂದು ಪರೀಕ್ಷೆಯಿದೆ. ಸಾಧ್ಯವಿರುವ ಕುಟುಂಬಗಳು ಕೊಳ್ಳಬೇಕೆಂದಿರುವ ಪ್ರದೇಶದಲ್ಲಿ ಹನ್ನೊಂದು ತಿಂಗಳು ಬಾಡಿಗೆಗೆ ಇದ್ದು ನೋಡಲಿ. ಜುಲೈ ತಿಂಗಳ ಮಳೆಯಲ್ಲಿ ದಾರಿ ಹೇಗಿರುತ್ತದೆ, ಏಪ್ರಿಲ್ ತಿಂಗಳಲ್ಲಿ ನಳ್ಳಿಯಲ್ಲಿ ಎಷ್ಟು ನೀರು ಬರುತ್ತದೆ, ಸಂಜೆ ಮಕ್ಕಳು ಎಲ್ಲಿ ಆಡುತ್ತಾರೆ, ಅಜ್ಜಿ ಒಬ್ಬರೇ ಇಗರ್ಜಿಗೆ ನಡೆದು ಹೋಗಬಲ್ಲರೇ, ರಾತ್ರಿ ಕಾಯಿಲೆ ಬಿದ್ದರೆ ಬಾಗಿಲು ತಟ್ಟಲು ಪಕ್ಕದ ಮನೆಯವರಿದ್ದಾರೆಯೇ? ಆ ಕಾಲದ ಬಾಡಿಗೆ ನಷ್ಟವಲ್ಲ. ಅರ್ಧ ಕೋಟಿಯ ನಿರ್ಧಾರಕ್ಕೆ ಕೊಟ್ಟ ವಿಮೆಯ ಕಂತು. ಅಷ್ಟು ಅನುಕೂಲವಿಲ್ಲದವರು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ, ಹಗಲೊಮ್ಮೆ, ರಾತ್ರಿಯೊಮ್ಮೆ ಹೋಗಿ ಬರಲಿ. ಆ ವಾಳೆಯ ಗುರಿಕಾರರನ್ನು, ಅಂಗಡಿಯವರನ್ನು, ರಿಕ್ಷಾ ಚಾಲಕರನ್ನು ಮಾತನಾಡಿಸಲಿ. ಮಧ್ಯವರ್ತಿ ಹೇಳದ ಸತ್ಯ ಇವರ ಬಾಯಲ್ಲಿ ಸಿಗುತ್ತದೆ.

ನಗರದ ನಡುವಿನ ವಿಳಾಸದಿಂದ ಬರುವ ಪ್ರತಿಷ್ಠೆ ಕೆಲವು ಸಮಾರಂಭಗಳ ಮಾತಿಗಷ್ಟೇ ಒದಗುತ್ತದೆ. ಸಾಲದ ಕಂತು ಮಾತ್ರ 240 ತಿಂಗಳು ಬರುತ್ತಲೇ ಇರುತ್ತದೆ. ಆದಾಯದ ಮೂರನೆಯ ಒಂದು ಪಾಲನ್ನು ಮೀರದ ಕಂತು, ಬತ್ತದ ಬಾವಿ, ನೀರು ನಿಲ್ಲದ ಅಂಗಳ, ಹೊತ್ತಿಗೆ ಸಿಗುವ ಬಸ್ಸು, ಕರೆದರೆ ಓಗೊಡುವ ನೆರೆಯವರು, ಇವು ಐದೂ ದೊರೆತ ಕಡೆ ಮನೆ ಚಿಕ್ಕದಾದರೂ ಚಿಂತೆಯಿಲ್ಲ. ಮುಂದಿನ ಭಾನುವಾರ ಮಾದರಿ ಫ್ಲ್ಯಾಟನ್ನು ನೋಡಲು ಹೊರಡುವ ಕುಟುಂಬಗಳು ಅದರ ಬಾಗಿಲು ತೆರೆಯುವ ಮೊದಲು ಅದರ ಸುತ್ತ ಒಂದು ಕಿಲೋಮೀಟರ್ ನಡೆದು ಬರಲಿ.