ರಜೆ ಹಾಕಿದ್ರೂ ಸುಸ್ತು ಯಾಕೆ ಹೋಗಲ್ಲ?

ಹೋದ ಏಪ್ರಿಲ್‌ನಲ್ಲಿ ಒಂದು ವಾರ ರಜೆ ಹಾಕಿ, ನಾಸಿಕ್ ಹತ್ತಿರದ ದಿಂಡೋರಿಗೆ, ಎಂಟೆಕ್ ಗೆಳೆಯನ ಮನೆಗೆ ಹೋಗಿದ್ದೆ. ಅಲ್ಲೂ ಫೋನ್ ಸದ್ದಾದ್ರೆ ಸಾಕು, ಎದೆ ಢವಢವ. ರಾತ್ರಿ ಸರ್ವರ್ ಅಲರ್ಟ್ ನೋಡುವ ಪಾಳಿ ಎಂಟು ತಿಂಗಳಿಂದ ನನ್ನೊಬ್ಬನದೇ ಆಗಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತಿಹೋಗೋದು, ಕೆಲಸದ ಮೇಲೆ ಜಿಗುಪ್ಸೆ, ‘ನನ್ನ ಕೈಲಾಗಲ್ಲ’ ಅನ್ನಿಸೋದು. ಇದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಒತ್ತಡ ಸರಿಯಾಗಿ ನಿಭಾಯಿಸದೆ ಉಳಿದಾಗ ಆಗುವ ಪರಿಣಾಮ ಅಂದಿತು. ಹಾಗಾಗಿ ರಜೆ ಮುಗಿಸಿ ಅದೇ ಹೊರೆಗೆ ಮರಳಿದ್ರೆ ಸುಸ್ತೂ ಮರಳುತ್ತೆ.

ದಿಂಡೋರಿಯಲ್ಲಿ ದ್ರಾಕ್ಷಿಬಳ್ಳಿಗೆ ಏಪ್ರಿಲ್, ಅಕ್ಟೋಬರ್ ಎರಡು ಸಲ ಚಾಟ್ನಿ ಮಾಡ್ತಾರೆ, ಅಂದ್ರೆ ಕಡ್ಡಿ ಸವರ್ತಾರೆ. ಫಸಲು ತೆಗೆಯೋದು ಒಂದೇ. ಏಪ್ರಿಲ್‌ನದು ಬಳ್ಳಿ ಕಸುವು ತುಂಬಿಕೊಳ್ಳೋದಕ್ಕೆ. ಅಲ್ಲಿ ಹೊಳೆಯಿತು: ನನಗೆ ಬೇಕಿರೋದು ರಜೆಯಲ್ಲ, ಹೊರೆ ಸವರೋದು.

ವಾಪಸ್ ಬಂದು ಪಾಳಿಯನ್ನು ನಾಲ್ವರಿಗೆ ಹಂಚಿ ಅಂತ ಕೇಳಿದೆ. ಮೊದಲು ಒಪ್ಪಲಿಲ್ಲ. ರಾತ್ರಿ ಎದ್ದ ಲೆಕ್ಕವನ್ನು ತಾರೀಖು ಸಮೇತ ಬರೆದುಕೊಟ್ಟ ಮೇಲೆ ಒಪ್ಪಿದರು. ನೀವೂ ದೂರು ಹೇಳೋ ಮೊದಲು ಲೆಕ್ಕ ಬರೆದಿಡಿ.

ಆತಂಕ ನಿದ್ದೆ-ಊಟ ಕೆಡಿಸ್ತಿದ್ರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ನಾನೂ ಮಾತಾಡಿದ್ದೆ.