ಚಾರಣದ ಬುತ್ತಿ: ಮಾಂಸಾಹಾರ ಮತ್ತು ಸಸ್ಯಾಹಾರ

ಚಾರಣದ ಬುತ್ತಿ ಎಂದರೆ ಬೆಟ್ಟ ಅಥವಾ ಕಾಡಿನ ಹಾದಿಯಲ್ಲಿ ನಡೆಯುವವರು ಬೆನ್ನುಚೀಲದಲ್ಲಿ ಹೊತ್ತೊಯ್ಯುವ ಆಹಾರ. ಇದರಲ್ಲಿ ಮಾಂಸ, ಮೀನು, ಮೊಟ್ಟೆಗಳಿರಬೇಕೇ ಅಥವಾ ಸಸ್ಯಮೂಲದ ಆಹಾರವೇ ಸಾಕೇ ಎಂಬುದನ್ನು ಸಾಮಾನ್ಯವಾಗಿ ಶಕ್ತಿಯ ಮತ್ತು ಪ್ರೋಟೀನಿನ ಪ್ರಶ್ನೆಯಾಗಿ ಚರ್ಚಿಸಲಾಗುತ್ತದೆ. ಆದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬೆಟ್ಟಗಳಲ್ಲಿ ನಡೆಯುವಂತಹ ಒಂದು ದಿನದ ಚಾರಣಗಳಲ್ಲಿ ಪೌಷ್ಟಿಕಾಂಶಕ್ಕಿಂತ ಬೇರೆ ಸಂಗತಿಗಳೇ ಮುಖ್ಯವಾಗುತ್ತವೆ. ಆಹಾರವು ಬಿಸಿಲಿನಲ್ಲಿ ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ, ಬೆಂಕಿಯಿಲ್ಲದೆ ತಿನ್ನಲು ಬರುತ್ತದೆಯೇ, ಎಷ್ಟು ನೀರನ್ನು ಬೇಡುತ್ತದೆ, ಏರುವ ಬೆಟ್ಟದ ಆಚಾರವೇನು ಎಂಬವು ಅಂತಹ ಸಂಗತಿಗಳು.

ಕನ್ನಡದಲ್ಲಿ ‘ಸಸ್ಯಾಹಾರ’ ಎಂಬ ಪದವು ಹಾಲು, ಮೊಸರು, ತುಪ್ಪಗಳನ್ನೂ ಒಳಗೊಳ್ಳುತ್ತದೆ. ಇವನ್ನೂ ಬಿಟ್ಟ ಆಹಾರವನ್ನು ಈ ಲೇಖನದಲ್ಲಿ ‘ಸಸ್ಯಮೂಲದ ಆಹಾರ’ ಎಂದು ಕರೆಯಲಾಗಿದೆ.

ಹಿನ್ನೆಲೆ

ಜಿಲ್ಲೆಯ ಚಾರಣ ತಾಣಗಳಲ್ಲಿ ಎರಡು ಪ್ರಮುಖವಾದವು. ನೆಲಮಂಗಲ ತಾಲ್ಲೂಕಿನಲ್ಲಿ ದಾಬಸ್‌ಪೇಟೆಯ ಸಮೀಪವಿರುವ ಶಿವಗಂಗೆಯು ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದ ಕಲ್ಲುಬೆಟ್ಟ. ಗಂಗಾಧರೇಶ್ವರ ದೇವಾಲಯವಿರುವ ಈ ಬೆಟ್ಟ ಚಾರಣಿಗರಿಗಿಂತ ಬಹಳ ಮೊದಲಿನಿಂದ ಯಾತ್ರಿಕರದು. ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ನೆತ್ತಿಯಲ್ಲಿ ಹಳೆಯ ಕೋಟೆಯ ಅವಶೇಷಗಳೂ ಶಿವನ ಗುಡಿಯೂ ಇವೆ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಇದೇ ಹೆಸರಿನ ನಿಲ್ದಾಣವಿದೆ. ಎರಡನ್ನೂ ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮುಗಿಸಬಹುದು. ಹೀಗಾಗಿ ಇಲ್ಲಿನ ಬುತ್ತಿ ಒಂದು ಅಥವಾ ಎರಡು ಹೊತ್ತಿನದು.

‘ಬುತ್ತಿ’ಯು ಚಾರಣಕ್ಕಾಗಿ ಹುಟ್ಟಿದ ಪದವಲ್ಲ. ಹೊಲಕ್ಕೆ, ಸಂತೆಗೆ, ಜಾತ್ರೆಗೆ ಹೋಗುವವರು ಕಟ್ಟಿಕೊಂಡು ಹೋಗುತ್ತಿದ್ದ ಊಟವೇ ಬುತ್ತಿ. ಹಳೆ ಮೈಸೂರು ಭಾಗದಲ್ಲಿ ಅದರ ಸಾಮಗ್ರಿ ಬಹುಪಾಲು ಸಸ್ಯಮೂಲದ್ದೇ ಆಗಿತ್ತು: ರಾಗಿಯ ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಕಡಲೆಕಾಯಿ, ಅವಲಕ್ಕಿ, ಪುಳಿಯೋಗರೆ, ಮೊಸರನ್ನ. ಮನೆಯಲ್ಲಿ ಮಾಂಸ ತಿನ್ನುವ ಕುಟುಂಬಗಳ ಬುತ್ತಿಯೂ ಬಹುಮಟ್ಟಿಗೆ ಹೀಗೆಯೇ ಇರುತ್ತಿತ್ತು. ಇದರ ಕಾರಣ ಧರ್ಮವೊಂದೇ ಅಲ್ಲ. ಮಾಂಸವು ಹಬ್ಬದ, ನೆಂಟರು ಬಂದ ದಿನದ ಅಡುಗೆ. ಬಿಸಿಬಿಸಿಯಾಗಿ ಮುದ್ದೆಯೊಂದಿಗೆ ಮನೆಯಲ್ಲೇ ಕುಳಿತು ಉಣ್ಣುವಂಥದ್ದು. ಸಾರನ್ನು ಬಟ್ಟೆಯಲ್ಲಿ ಕಟ್ಟಲಾಗದು.

ಇದಕ್ಕೊಂದು ಅಪವಾದ ಉಪ್ಪುಕಂಡ. ಕುರಿ ಅಥವಾ ಮೇಕೆಯ ಮಾಂಸವನ್ನು ಸೀಳಿ, ಉಪ್ಪು, ಅರಿಶಿನ, ಖಾರ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿನಲ್ಲಿ ಒಣಗಿಸಿದ ಇದು ಬಹುಕಾಲ ಕೆಡುವುದಿಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಒಣಮಾಂಸದ ಪುಡಿಗೆ ಕೊಬ್ಬನ್ನು ಬೆರೆಸಿ ಮಾಡುತ್ತಿದ್ದ, ಮುಂದೆ ಧ್ರುವಯಾತ್ರಿಕರೂ ಹೊತ್ತೊಯ್ದ ಪೆಮಿಕನ್ ಎಂಬ ಆಹಾರದ ಹಿಂದಿರುವುದೂ ಇದೇ ಉಪಾಯ: ನೀರಿನಂಶವನ್ನು ತೆಗೆದರೆ ಭಾರವೂ ಇಳಿಯುತ್ತದೆ, ಬಾಳಿಕೆಯೂ ಹೆಚ್ಚುತ್ತದೆ. ಆದರೆ ಪೆಮಿಕನ್ನನ್ನು ಹಾಗೆಯೇ ತಿನ್ನಬಹುದು. ಉಪ್ಪುಕಂಡವನ್ನು ಕೆಂಡದಲ್ಲಿ ಸುಡಬೇಕು ಇಲ್ಲವೇ ಎಣ್ಣೆಯಲ್ಲಿ ಹುರಿಯಬೇಕು.

ಶಕ್ತಿ ಮತ್ತು ಭಾರ

ಕೊಬ್ಬಿನ ಒಂದು ಗ್ರಾಮಿನಿಂದ ಸುಮಾರು 9 ಕಿಲೊಕ್ಯಾಲರಿ, ಪಿಷ್ಟ ಮತ್ತು ಪ್ರೋಟೀನುಗಳ ಒಂದು ಗ್ರಾಮಿನಿಂದ ಸುಮಾರು 4 ಕಿಲೊಕ್ಯಾಲರಿ ಶಕ್ತಿ ದೊರೆಯುತ್ತದೆ. ನೀರಿನಿಂದ ಏನೂ ದೊರೆಯುವುದಿಲ್ಲ. ಆದ್ದರಿಂದ ಬೆನ್ನ ಮೇಲೆ ಹೊರುವ ಆಹಾರದಲ್ಲಿ ಮಾಂಸವೋ ಸಸ್ಯವೋ ಎಂಬುದಕ್ಕಿಂತ ಒಣಗಿದೆಯೋ ಹಸಿಯೋ ಎಂಬುದೇ ಹೆಚ್ಚು ವ್ಯತ್ಯಾಸ ತರುತ್ತದೆ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 560 ಕಿಲೊಕ್ಯಾಲರಿ ಶಕ್ತಿ ಮತ್ತು 25 ಗ್ರಾಂ ಪ್ರೋಟೀನ್ ಇದೆ. ಚರ್ಮ ತೆಗೆದು ಬೇಯಿಸಿದ 100 ಗ್ರಾಂ ಕೋಳಿಯ ಎದೆಮಾಂಸದಲ್ಲಿ ಪ್ರೋಟೀನು ಸುಮಾರು 30 ಗ್ರಾಂ ಇದ್ದರೂ ಶಕ್ತಿ 165 ಕಿಲೊಕ್ಯಾಲರಿಯ ಆಸುಪಾಸಿನಲ್ಲಿದೆ. ಬೇಯಿಸಿದ ಅನ್ನವು ಇನ್ನೂ ಕಡಿಮೆ, 130 ಕಿಲೊಕ್ಯಾಲರಿ. ಹೊತ್ತ ಭಾರಕ್ಕೆ ಹೋಲಿಸಿದರೆ ಚಿತ್ರಾನ್ನದ ಡಬ್ಬಿಯೂ ಕೋಳಿಯ ಡಬ್ಬಿಯೂ ದುಬಾರಿಯೇ. ಕಡಲೆಕಾಯಿಯ ಚಿಕ್ಕಿ ಎರಡಕ್ಕಿಂತಲೂ ಮೇಲು.

ಬೆಟ್ಟ ಏರುವಾಗ ಸ್ನಾಯುಗಳು ಬಳಸುವ ಮುಖ್ಯ ಇಂಧನಗಳು ಪಿಷ್ಟ ಮತ್ತು ಕೊಬ್ಬು. ಏರು ಕಡಿದಾದಷ್ಟೂ ಪಿಷ್ಟದ ಪಾಲು ಹೆಚ್ಚುತ್ತದೆ. ಪ್ರೋಟೀನು ನಡೆಯುವ ಹೊತ್ತಿನ ಇಂಧನಕ್ಕಿಂತ ನಡೆದ ನಂತರದ ದುರಸ್ತಿಯ ಸಾಮಗ್ರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಗಳ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ ಪ್ರೋಟೀನ್ ಸಾಕು. ಅಂದರೆ 60 ಕಿಲೋಗ್ರಾಂ ತೂಕದವರಿಗೆ ಸುಮಾರು 50 ಗ್ರಾಂ. ಮುದ್ದೆ, ಹುರುಳಿಕಾಳಿನ ಸಾರು, ಒಂದು ಹಿಡಿ ಕಡಲೆಕಾಯಿ, ಮೊಸರು ಇರುವ ದಿನಚರಿ ಇದರ ಬಹುಭಾಗವನ್ನು ಪೂರೈಸುತ್ತದೆ. ಕಷ್ಟದ ಶ್ರಮದ ದಿನಗಳಲ್ಲಿ ಅಗತ್ಯ ಇದಕ್ಕಿಂತ ಹೆಚ್ಚಬಹುದಾದರೂ ಆ ಹೆಚ್ಚಳವನ್ನು ಬೆಟ್ಟದ ಮೇಲೆಯೇ ತಿಂದು ತೀರಿಸಬೇಕಾಗಿಲ್ಲ. ಮನೆಗೆ ಮರಳಿದ ಮೇಲಿನ ಊಟದಲ್ಲಿ ತೀರಿಸಬಹುದು. ಸಸ್ಯಾಹಾರಿಗಳಿಗೆ ಬೆಟ್ಟ ಏರಲು ಕಸುವಿರುವುದಿಲ್ಲ ಎಂಬ ಮಾತಿಗೂ, ಮಾಂಸ ತಿಂದವರಿಗೆ ಮೈ ಭಾರವಾಗಿ ನಡೆಯಲಾಗದು ಎಂಬ ಮಾತಿಗೂ ಈ ಲೆಕ್ಕದಲ್ಲಿ ಆಧಾರವಿಲ್ಲ. ಮೈ ಭಾರವಾಗುವುದು ಎಣ್ಣೆ ಹೆಚ್ಚಿರುವ ಯಾವ ಊಟದಿಂದಲಾದರೂ ಆಗುತ್ತದೆ, ಪೂರಿ ಸಾಗುವಿನಿಂದಲೂ.

ಕಬ್ಬಿಣಾಂಶ ಮತ್ತು ಬಿ12

ಮಾಂಸಾಹಾರದ ಪರವಾದ ವಾದದಲ್ಲಿ ಗಟ್ಟಿಯಾದ ಭಾಗ ಕಬ್ಬಿಣಾಂಶದ್ದು. ರಕ್ತದ ಹಿಮೋಗ್ಲೋಬಿನ್ನಿಗೆ ಕಬ್ಬಿಣ ಬೇಕು. ಅದು ಕಡಿಮೆಯಾದರೆ ಏರುದಾರಿಯಲ್ಲಿ ಬೇಗ ಏದುಸಿರು ಬರುತ್ತದೆ. ಮಾಂಸದಲ್ಲಿರುವ ಹೀಮ್ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳುತ್ತದೆ. ಧಾನ್ಯ, ಕಾಳು, ಸೊಪ್ಪುಗಳ ಕಬ್ಬಿಣವನ್ನು ಅಷ್ಟು ಸುಲಭವಾಗಿ ಹೀರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಇದನ್ನು ಚಾರಣದ ದಿನದ ಬುತ್ತಿಯಿಂದ ಸರಿಪಡಿಸಲಾಗದು. ವಾರಗಟ್ಟಲೆ ಏನು ತಿನ್ನುತ್ತೇವೆ ಎಂಬುದೇ ಇಲ್ಲಿ ಮುಖ್ಯ. ಮೆಟ್ಟಿಲು ಹತ್ತುವಾಗ ಉಳಿದವರಿಗಿಂತ ಬಹಳ ಬೇಗ ದಣಿಯುವವರು ಬುತ್ತಿಯನ್ನು ಬದಲಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಸಸ್ಯಮೂಲದ ಕಬ್ಬಿಣವನ್ನು ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ನಿಂಬೆ, ನೆಲ್ಲಿ, ಸೀಬೆಗಳ ಜೊತೆಗೆ ಜಿಲ್ಲೆಯದೇ ಆದ ಹಣ್ಣೊಂದು ಇಲ್ಲಿ ಉಲ್ಲೇಖಾರ್ಹ: ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ದೇವನಹಳ್ಳಿ ಚಕ್ಕೋತ. ದಪ್ಪ ಸಿಪ್ಪೆಯ ಕಾರಣ ಇದು ಚೀಲದಲ್ಲಿ ಜಜ್ಜಿಹೋಗುವುದಿಲ್ಲ. ಮನೆಯಲ್ಲಿಯೇ ಸುಲಿದು ತೊಳೆಗಳನ್ನು ಡಬ್ಬಿಗೆ ತುಂಬಿಕೊಂಡರೆ ಭಾರವೂ ಅರ್ಧಕ್ಕೆ ಇಳಿಯುತ್ತದೆ. ಚಹಾ ಮತ್ತು ಕಾಫಿಗಳು ಕಬ್ಬಿಣದ ಹೀರಿಕೆಗೆ ಅಡ್ಡಿಯಾಗುತ್ತವೆ.

ಬಿ12 ಜೀವಸತ್ವವು ಸಹಜವಾಗಿ ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಸಾಕಷ್ಟು ದೊರೆಯುತ್ತದೆ. ಹಾಲು, ಮೊಸರು, ಮೊಟ್ಟೆಗಳನ್ನು ಬಳಸುವವರಿಗೆ ಅವುಗಳಿಂದ ಸಿಗುತ್ತದೆ. ಅವನ್ನೂ ಬಿಟ್ಟವರು ಮಾತ್ರೆಯ ಅಥವಾ ಬಿ12 ಸೇರಿಸಿದ ಆಹಾರದ ಮೊರೆಹೋಗಬೇಕು. ಯಕೃತ್ತಿನಲ್ಲಿ ಇದರ ದೀರ್ಘಕಾಲದ ಸಂಗ್ರಹವಿರುವುದರಿಂದ ಕೆಲವು ದಿನಗಳ ಚಾರಣದಲ್ಲಿ ಇದು ಪ್ರಶ್ನೆಯೇ ಅಲ್ಲ.

ಆಹಾರ ಕೆಡುವಿಕೆ

ನಿಜವಾದ ಅಪಾಯವಿರುವುದು ಇಲ್ಲಿ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಬೇಯಿಸಿದ ಆಹಾರದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಬೇಗ ಕೆಡುವ ಆಹಾರವನ್ನು ಈ ಉಷ್ಣತೆಯಲ್ಲಿ ಎರಡು ಗಂಟೆಗಿಂತ, ಹೊರಗಿನ ಬಿಸಿ 32 ಡಿಗ್ರಿ ಮೀರಿದಾಗ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದೆಂಬುದು ಸಾಮಾನ್ಯ ನಿಯಮ. ಮಾರ್ಚಿನಿಂದ ಮೇ ತಿಂಗಳವರೆಗೆ ಜಿಲ್ಲೆಯಲ್ಲಿ ಮಧ್ಯಾಹ್ನದ ಉಷ್ಣತೆ ಹಲವು ದಿನ ಈ ಮಿತಿಯನ್ನು ದಾಟುತ್ತದೆ. ಬಿಸಿಲಿಗೆ ಕಾದ ಬಂಡೆಯ ಮೇಲಿಟ್ಟ ಚೀಲದೊಳಗೆ ಅದು ಇನ್ನೂ ಹೆಚ್ಚು.

ಇದಕ್ಕೆ ಹತ್ತಿರದ ಉದಾಹರಣೆ ಹೊಸಕೋಟೆಯ ದಮ್ ಬಿರಿಯಾನಿ. ವಾರಾಂತ್ಯಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಹೊಸಕೋಟೆಯಲ್ಲಿ ಬಿರಿಯಾನಿಗಾಗಿ ಸಾಲು ನಿಲ್ಲುವುದು ಈಗ ಪ್ರಸಿದ್ಧ ಸಂಗತಿ. ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋಗುವವರ ದಾರಿಯೂ ಇದೇ ಪಟ್ಟಣದ ಮೂಲಕ ಹಾದುಹೋಗುತ್ತದೆ. ಮುಂಜಾನೆ 5 ಗಂಟೆಗೆ ಕಟ್ಟಿಸಿಕೊಂಡ ಪೊಟ್ಟಣವನ್ನು ಬೆಟ್ಟದ ತುದಿಯಲ್ಲಿ 11 ಗಂಟೆಗೆ ಬಿಚ್ಚಿದರೆ ಆ ಮಾಂಸ ಆರು ಗಂಟೆ ಕಾಲ ಉಗುರುಬೆಚ್ಚಗೆ ಕುಳಿತಿರುತ್ತದೆ. ಅದು ಕೆಟ್ಟಿದೆಯೇ ಎಂಬುದು ವಾಸನೆಯಿಂದ ತಿಳಿಯಬೇಕೆಂದಿಲ್ಲ. ರೋಗ ತರುವ ಹಲವು ಬ್ಯಾಕ್ಟೀರಿಯಾಗಳು ಆಹಾರದ ರುಚಿ, ವಾಸನೆಗಳನ್ನು ಬದಲಿಸುವುದಿಲ್ಲ. ವೈದ್ಯರು ದೂರವಿರುವ, ನೀರು ಲೆಕ್ಕದಲ್ಲಿರುವ ಜಾಗದಲ್ಲಿ ವಾಂತಿಭೇದಿಯಾದರೆ ದೇಹದ ನೀರು ಬೇಗ ಬತ್ತುತ್ತದೆ. ಬಿರಿಯಾನಿಯನ್ನು ಇಳಿದು ಬಂದ ಮೇಲೆ ಅಂಗಡಿಯಲ್ಲೇ ಬಿಸಿಯಾಗಿ ತಿನ್ನುವುದು ಸುರಕ್ಷಿತ, ರುಚಿಯ ದೃಷ್ಟಿಯಿಂದಲೂ ಸರಿ.

ಆದರೆ ಇದು ಸಸ್ಯಾಹಾರದ ಗೆಲುವಲ್ಲ. ಬೆಂದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ವಾಂತಿ ತರಿಸುವ ವಿಷವನ್ನು ಉಂಟುಮಾಡುತ್ತದೆ. ಮತ್ತೆ ಬಿಸಿಮಾಡಿದರೂ ಆ ವಿಷ ನಾಶವಾಗುವುದಿಲ್ಲ. ತೆಂಗಿನಕಾಯಿ ಚಟ್ನಿ, ಪನೀರು, ರಾತ್ರಿ ಮಾಡಿಟ್ಟ ಪಲಾವುಗಳೂ ಬೇಗ ಕೆಡುತ್ತವೆ. ಪುಳಿಯೋಗರೆಯ ಹುಣಸೆಹುಳಿ ಮತ್ತು ಮೊಸರನ್ನದ ಹುಳಿ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತವೆ. ದೂರದ ಪಯಣಕ್ಕೆ ಹಿರಿಯರು ಇವನ್ನೇ ಕಟ್ಟುತ್ತಿದ್ದುದರ ಗುಟ್ಟು ಇದೇ ಇರಬೇಕು. ಗಟ್ಟಿಯಾಗಿ ಬೇಯಿಸಿದ, ಸಿಪ್ಪೆ ಒಡೆಯದ ಮೊಟ್ಟೆಯು ಪ್ರಾಣಿಮೂಲದ ಬುತ್ತಿಯಲ್ಲಿ ಹೊರಲು ಅತಿ ಸುಲಭವಾದುದು. ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಬೇಯಿಸಿದ ಮೇಲೆ ಹಸಿ ಮೊಟ್ಟೆಯಷ್ಟು ಹೊತ್ತು ಅದು ಬಾಳದ ಕಾರಣ ಹೊರಡುವ ಮುನ್ನವೇ ಬೇಯಿಸಿ, ಬೆಳಗಿನ ತಿಂಡಿಯ ಹೊತ್ತಿಗೇ ತಿಂದು ಮುಗಿಸಬೇಕು.

ಬೆಂಕಿ, ನೀರು, ಕಸ

ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಬೇಸಿಗೆಯಲ್ಲಿ ಈ ಬೆಟ್ಟಗಳ ಒಣಹುಲ್ಲು ಕಿಡಿಯೊಂದಕ್ಕೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬೆಟ್ಟದ ಮೇಲೆ ಕೋಳಿ ಸುಡುವ ಯೋಜನೆಯು ರುಚಿಯ ಚರ್ಚೆಗೆ ಮೊದಲೇ ಕಾನೂನಿನಲ್ಲಿ ಮುಗಿದುಹೋಗುತ್ತದೆ. ಉಪ್ಪುಕಂಡವೂ ಒಣಮೀನೂ ಈ ಕಾರಣಕ್ಕೇ ಇಲ್ಲಿನ ಬುತ್ತಿಗೆ ಒಗ್ಗುವುದಿಲ್ಲ. ಒಗ್ಗಿಸಬೇಕೆಂದರೆ ಮನೆಯಲ್ಲೇ ಹುರಿದು ತರಬೇಕು. ಆಗಲೂ ಅವುಗಳ ಉಪ್ಪು ಬಾಯಾರಿಕೆಯನ್ನು ಹೆಚ್ಚಿಸುತ್ತದೆ. ಉಪ್ಪು ಸವರಿದ ನಿಪ್ಪಟ್ಟು, ಚಿಪ್ಸ್‌ಗಳಿಗೂ ಇದೇ ಮಾತು. ಹುರಿಹಿಟ್ಟನ್ನು ಬೆಲ್ಲ ಮತ್ತು ತಣ್ಣೀರಿನೊಂದಿಗೆ ಕಲಸಿದರೆ ಸಾಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿರುವುದು ಹೆಚ್ಚಿನ ಲಾಭ.

ಶಿವಗಂಗೆಯ ಮೆಟ್ಟಿಲುಗಳಲ್ಲಿ ಕೋತಿಗಳು ಪ್ಲಾಸ್ಟಿಕ್ ಕವರಿನ ಸದ್ದಿಗೇ ಬರುತ್ತವೆ. ಅವುಗಳಿಗೆ ಮಾಂಸಾಹಾರ, ಸಸ್ಯಾಹಾರಗಳ ಭೇದವಿಲ್ಲ. ಎಸೆದ ಮೂಳೆ, ಎಂಜಲುಗಳು ಬೀದಿನಾಯಿಗಳನ್ನು ಬೆಟ್ಟಕ್ಕೆ ಸೆಳೆಯುತ್ತವೆ. ನಾಯಿಗಳ ಹಿಂದೆ ಚಿರತೆ ಬರುತ್ತದೆ. ಬಾಳೆಹಣ್ಣಿನ ಸಿಪ್ಪೆ ‘ಕೊಳೆತು ಗೊಬ್ಬರವಾಗುತ್ತದೆ’ ಎಂದು ಎಸೆಯುವವರೂ ಒಣಬಂಡೆಯ ಮೇಲೆ ಅದು ವಾರಗಟ್ಟಲೆ ಹಾಗೆಯೇ ಬಿದ್ದಿರುವುದನ್ನು ನೋಡಬಹುದು.

ಆಚಾರ ಮತ್ತು ಗುಂಪಿನ ಊಟ

ದೇವಾಲಯವಿರುವ ಬೆಟ್ಟಗಳಿಗೆ ಮಾಂಸಾಹಾರವನ್ನು ಒಯ್ಯದಿರುವುದು ಸ್ಥಳೀಯ ರೂಢಿ. ಮನೆಯಲ್ಲಿ ಮಾಂಸ ತಿನ್ನುವ ಭಕ್ತರಲ್ಲೂ ಅನೇಕರು ಇದನ್ನು ಪಾಲಿಸುತ್ತಾರೆ. ಶ್ರಾವಣ ಮಾಸದಲ್ಲಿ, ವಾರದ ಕೆಲವು ದಿನಗಳಲ್ಲಿ ಬಿಡುವವರೂ ಇದ್ದಾರೆ. ಈ ರೂಢಿಯನ್ನು ಗೌರವಿಸುವುದು ಬೇರೆ, ಮಾಂಸ ತಿನ್ನುವ ಸಹಚಾರಣಿಗರನ್ನು ಕೀಳಾಗಿ ಕಾಣುವುದು ಬೇರೆ. ಕಾಲೇಜಿನ, ಕಚೇರಿಯ ಗುಂಪುಗಳಲ್ಲಿ ಎರಡನೆಯದು ನಡೆಯದೇ ಇಲ್ಲ. ಊಟದ ಹೊತ್ತಿಗೆ ಬೇರೆ ಬಂಡೆಗೆ ಹೋಗಿ ಕೂರಬೇಕಾದವರು ಅದನ್ನು ಬಹುಕಾಲ ಮರೆಯುವುದಿಲ್ಲ. ಡಬ್ಬಿ, ಸೌಟುಗಳನ್ನು ಪ್ರತ್ಯೇಕವಾಗಿಟ್ಟು ಎಲ್ಲರೂ ಒಂದೇ ನೆರಳಿನಲ್ಲಿ ಕುಳಿತುಣ್ಣಲು ಯಾವ ಆಚಾರವೂ ಅಡ್ಡಿಯಾಗಬೇಕಿಲ್ಲ. ಪೊಟ್ಟಣದ ತಿನಿಸುಗಳಲ್ಲಿ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರವನ್ನೂ, ಕಂದು ಚೌಕದೊಳಗಿನ ಕಂದು ತ್ರಿಕೋನ ಮಾಂಸಾಹಾರವನ್ನೂ ಸೂಚಿಸುತ್ತವೆ. ಹಸಿರು ಚುಕ್ಕೆಯ ಪದಾರ್ಥದಲ್ಲಿ ಹಾಲಿನ ಅಂಶವಿರಬಹುದು.

ದೀರ್ಘ ಚಾರಣಗಳು

ದಕ್ಷಿಣ ಕನ್ನಡ ಮತ್ತು ಕೊಡಗಿನ ಗಡಿಯ ಕುಮಾರಪರ್ವತದಂತಹ ದೀರ್ಘ ದಾರಿಯಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಏರುವವರಿಗೆ ದಾರಿಮಧ್ಯದ ‘ಭಟ್ಟರ ಮನೆ’ಯಲ್ಲಿ ದೊರೆಯುತ್ತ ಬಂದಿರುವ ಅನ್ನ, ಸಾಂಬಾರಿನ ಊಟ ಚಾರಣಿಗರ ವಲಯದಲ್ಲಿ ಹೆಸರಾಗಿದೆ, ಮನೆಯಲ್ಲಿ ಮಾಂಸವಿಲ್ಲದೆ ಉಣ್ಣದವರೂ ಅಲ್ಲಿ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಹಿಮಾಲಯದ ವಾರಗಟ್ಟಲೆಯ ಚಾರಣಗಳಲ್ಲಿ ಚಳಿ, ಎತ್ತರ ಮತ್ತು ದಿನದಿನದ ಶ್ರಮಗಳಿಂದಾಗಿ ಪ್ರೋಟೀನು ಮತ್ತು ಕೊಬ್ಬಿನ ಅಗತ್ಯ ಹೆಚ್ಚುತ್ತದೆ. ಅಲ್ಲಿ ಮೊಟ್ಟೆ, ಡಬ್ಬಿಯಲ್ಲಿ ಮುಚ್ಚಿದ ಮೀನು ಅಥವಾ ಒಣಮಾಂಸ ಉಪಯುಕ್ತ. ಬೇಳೆ, ಸೋಯಾ, ತುಪ್ಪ, ಕಡಲೆಕಾಯಿಗಳಿಂದಲೂ ಅದೇ ಅಗತ್ಯವನ್ನು ಪೂರೈಸಬಹುದು, ಬೇಯಿಸಲು ಇಂಧನವಿದ್ದರೆ.